3 ವರ್ಷದ ಮಗಳಿಗೆ ಡೌನ್ ಸಿಂಡ್ರೋಮ್. ಕಲಿಸೋದಕ್ಕೆ ಬೆಂಗಳೂರಿಗೇ ಹೋಗಬೇಕಾ?

ಹುಳುಮನೆ_ಶಿಡ್ಲಘಟ್ಟ

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ಎರಡು ಎಕರೆ ಹಿಪ್ಪುನೇರಳೆ ಇದೆ, ರೇಷ್ಮೆ ಹುಳು ಸಾಕುವ ಒಂದು ಹುಳು ಮನೆ ಇದೆ. ಮಗಳಿಗೆ ಮೂರು ವರ್ಷ ತುಂಬಿದೆ. ಹುಟ್ಟಿದ ಮಾರನೇ ದಿನವೇ ಡಾಕ್ಟರ್ ಡೌನ್ ಸಿಂಡ್ರೋಮ್ ಇರಬಹುದು, ಬೆಳವಣಿಗೆ, ಕಲಿಕೆ ನಿಧಾನ ಆಗುತ್ತೆ ಅಂದರು, ರಕ್ತ ಪರೀಕ್ಷೆಯಲ್ಲೂ ಅದೇ ಬಂತು. ಹೃದಯದಲ್ಲಿ ತೂತಿತ್ತು. ಆಪರೇಷನ್ ಆಗಿ ಈಗ ಚೆನ್ನಾಗಿದ್ದಾಳೆ. ಎರಡೂವರೆ ವರ್ಷಕ್ಕೆ ನಡೆಯಲು ಶುರು ಮಾಡಿದಳು.

ಮಾತು ಅಂದರೆ ‘ಅಮ್ಮ’, ‘ತಾ’, ‘ಬಾ’, ಅಷ್ಟೇ. ಆದರೆ ನಾವು ಹೇಳೋದು ಅರ್ಥವಾಗುತ್ತೆ. ‘ಚೆಪ್ಪುಲು ತೇ’ ಅಂದರೆ ನನ್ನ ಚಪ್ಪಲಿ ಯಾವುದು, ಅಜ್ಜಿಯದು ಯಾವುದು ಅಂತ ನೋಡಿ ತರುತ್ತಾಳೆ. ಮನೆಯಲ್ಲಿ ನಾವು ತೆಲುಗು, ಹೊರಗೆ ಕನ್ನಡ. ಎರಡು ಭಾಷೆ ಆಡಿದರೆ ಮಗು ಗೊಂದಲ ಮಾಡಿಕೊಳ್ಳುತ್ತೆ, ಒಂದೇ ಭಾಷೆ ಮಾತಾಡಿ ಅಂತ ಗೊತ್ತಿರುವವರೊಬ್ಬರು ಹೇಳಿದ್ದಾರೆ. ಅಜ್ಜಿಗೆ ತೆಲುಗು ಬಿಟ್ಟು ಬೇರೆ ಬರಲ್ಲ.

ಅಂಗನವಾಡಿಗೆ ಕರೆದುಕೊಂಡು ಹೋದೆವು. ‘ಬಿದ್ದರೆ, ಎಲ್ಲಾದರೂ ಹೋಗಿಬಿಟ್ಟರೆ ಯಾರು ಹೊಣೆ? ಸ್ವಲ್ಪ ದೊಡ್ಡವಳಾಗಲಿ, ಆಮೇಲೆ ನೋಡೋಣ’ ಅಂದರು. ಮನೆಯವಳು ಅವತ್ತು ರಾತ್ರಿ ಊಟ ಮಾಡಲಿಲ್ಲ.

ನಮ್ಮ ಸಂಬಂಧಿಕರು ಬೆಂಗಳೂರಿಗೆ ಬಂದುಬಿಡಿ, ಅಲ್ಲಿ ಥೆರಪಿ ಸೆಂಟರ್‌ಗಳಿವೆ, ವಿಶೇಷ ಶಾಲೆಗಳಿವೆ ಅಂತಾರೆ. ಹೋದರೆ ಹುಳು ಸಾಕುವುದು ಬಿಡಬೇಕು, ತೋಟ ಬೇರೆಯವರಿಗೆ ಪಾಲಿಗೆ ಕೊಡಬೇಕು. ಮಗುಗೋಸ್ಕರ ಅದಕ್ಕೂ ತಯಾರಿದ್ದೇವೆ. ಆದರೆ ನಿಜವಾಗಲೂ ಬೇಕಾ? ಇಷ್ಟು ಚಿಕ್ಕ ಮಕ್ಕಳಿಗೆ ಕಲಿಸುವವರು ನಮ್ಮ ಕಡೆ ಇದ್ದಾರಾ? ಮನೆಯಲ್ಲಿ ನಾವೇ ಏನು ಮಾಡಬಹುದು? ಗೊತ್ತಿದ್ದವರು ದಯವಿಟ್ಟು ಹೇಳಿ.

ದೇವನಹಳ್ಳಿ_ಹುಡುಗ

ಬ್ರದರ್, ಬೆಂಗಳೂರಿನಲ್ಲಿ ಅನುಕೂಲ ಜಾಸ್ತಿ ಅನ್ನೋದು ನಿಜ. ಇಂದಿರಾನಗರದಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಅನ್ನೋ ವಿಶೇಷ ಮಕ್ಕಳ ಸಂಸ್ಥೆ ಇದೆ, 1980ರಿಂದ ನಡೀತಿದೆ. ನಿಮ್ಹಾನ್ಸ್ ಇದೆ. ನಿಮ್ಮೂರಿನಿಂದ ದಿನಾ ಓಡಾಡೋದು ಕಷ್ಟ. ಮಗು ಚಿಕ್ಕದಿರುವಾಗಲೇ ಶಿಫ್ಟ್ ಆಗೋದು ಒಳ್ಳೆಯದು ಅಂತ ನನ್ನ ಅನಿಸಿಕೆ.

ಟೀಚರಮ್ಮ_ಚಿಂತಾಮಣಿ

ಅಣ್ಣಾ, ನಾನು ವಿಶೇಷ ಶಿಕ್ಷಕಿ. ಚಿಂತಾಮಣಿ ಕಡೆ ಹಳ್ಳಿಗಳಲ್ಲಿ ಮನೆಗಳಿಗೆ ಹೋಗಿ ಇಂಥ ಮಕ್ಕಳ ಜೊತೆ, ಅವರ ಅಮ್ಮಂದಿರ ಜೊತೆ ಕೆಲಸ ಮಾಡುತ್ತೇನೆ. ಮೊದಲೇ ಹೇಳಿಬಿಡುತ್ತೇನೆ, ಹುಳು ಮನೆ ಮುಚ್ಚಬೇಡಿ. ಬೆಂಗಳೂರಿಗೆ ತಪಾಸಣೆಗೆ ಹೋಗಿ, ಸಲಹೆಗೆ ಹೋಗಿ. ಊರು ಬಿಡಬೇಕಾಗಿಲ್ಲ.

ಯಾಕೆ ಅಂದರೆ, ಥೆರಪಿ ಸೆಂಟರಿನಲ್ಲಿ ವಾರಕ್ಕೆ ಎರಡು ಸಲ ಮುಕ್ಕಾಲು ಗಂಟೆ ಕೂರಿಸಿಕೊಳ್ಳುತ್ತಾರೆ ಅಂತಲೇ ಇಟ್ಟುಕೊಳ್ಳಿ. ಉಳಿದ ಹೊತ್ತೆಲ್ಲ ಮಗು ಎಲ್ಲಿರುತ್ತೆ? ಮನೆಯಲ್ಲಿ. ಊಟದ ಹತ್ತಿರ, ಬಚ್ಚಲಲ್ಲಿ, ಜಗುಲಿ ಮೇಲೆ, ಅಜ್ಜಿ ಪಕ್ಕ. ಮೂರು ವರ್ಷದ ಮಗು ಕಲಿಯುವುದು ಅಲ್ಲಿಯೇ. ಬಾಡಿಗೆ ಮನೆಯಲ್ಲಿ ನೀವು ದುಡಿಯಲು ಹೊರಗೆ ಹೋದರೆ ಅಮ್ಮ ಮಗಳು ಇಬ್ಬರೇ. ಮಾತಾಡಿಸೋ ಅಜ್ಜಿ ಇರಲ್ಲ, ಅಕ್ಕಪಕ್ಕದ ಮಕ್ಕಳಿರಲ್ಲ.

ಇದು ನನ್ನ ಸ್ವಂತ ಅಭಿಪ್ರಾಯ ಮಾತ್ರ ಅಲ್ಲ. 1969ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಪೋರ್ಟೇಜ್ ಅನ್ನೋ ಊರಿನಲ್ಲಿ ಇದೇ ತೊಂದರೆ ಇತ್ತು. ಹಳ್ಳಿಗಳು ದೂರ ದೂರ, ಚಿಕ್ಕ ಮಕ್ಕಳನ್ನು ದಿನಾ ಒಂದು ಕಡೆ ಸೇರಿಸಲು ಆಗುತ್ತಿರಲಿಲ್ಲ. ಅದಕ್ಕೆ ಟೀಚರನ್ನೇ ವಾರಕ್ಕೊಮ್ಮೆ ಮನೆಗೆ ಕಳಿಸಿದರು. ಟೀಚರ್ ಬಂದು ತಾಯಿಗೆ ಒಂದು ಚಿಕ್ಕ ಕೆಲಸ ತೋರಿಸಿಕೊಡುವುದು, ತಾಯಿ ವಾರವೆಲ್ಲ ಅದನ್ನೇ ಮಾಡಿಸುವುದು, ಮುಂದಿನ ವಾರ ಬಂದು ಎಷ್ಟಾಯಿತು ಅಂತ ನೋಡುವುದು. ಪೋರ್ಟೇಜ್ ಪದ್ಧತಿ ಅಂತಲೇ ಅದಕ್ಕೆ ಹೆಸರಾಯಿತು. ನಮ್ಮ ದೇಶದಲ್ಲೂ ಬಹಳ ವರ್ಷದಿಂದ ಬಳಸುತ್ತಿದ್ದಾರೆ. ನಿಮಗೆ ಬೇಕಾಗಿರುವುದು ನಿಮ್ಮ ಮನೆಯವರಿಗೆ ಕಲಿಸಿಕೊಡುವ ಒಬ್ಬರು.

ಕಲಿಸುವುದಕ್ಕೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಇದನ್ನು ನಾಳೆ ನಾಳಿದ್ದು ಅನ್ನಬೇಡಿ. ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಕಿವಿ ತಮಟೆಯ ಹಿಂದೆ ಅಂಟು ನೀರು ತುಂಬಿಕೊಳ್ಳುವುದು ಬಹಳ ಜಾಸ್ತಿ. ಕಿವಿ ಸೋರಲ್ಲ, ಎಷ್ಟೋ ಸಲ ನೋವೂ ಇರಲ್ಲ, ಹಾಗಾಗಿ ಯಾರಿಗೂ ಗೊತ್ತಾಗಲ್ಲ. ಮಗುವಿಗೆ ಮಾತು ಮಸುಕಾಗಿ ಕೇಳಿಸುತ್ತಾ ಇರುತ್ತೆ. ಮಸುಕಾಗಿ ಕೇಳಿದ ಮಾತನ್ನು ಆಡುವುದು ಹೇಗೆ? ಜೊತೆಗೆ ಥೈರಾಯ್ಡ್, ವರ್ಷಕ್ಕೊಮ್ಮೆ ಮಾಡಿಸಲೇಬೇಕು. ಥೈರಾಯ್ಡ್ ಕಡಿಮೆ ಇದ್ದರೆ ಮಗು ಮಂಕಾಗುತ್ತೆ, ನಾವು ‘ಅವಳು ಇರೋದೇ ಹಾಗೆ’ ಅಂದುಕೊಂಡು ಬಿಡುತ್ತೇವೆ. ಕಣ್ಣನ್ನೂ ತೋರಿಸಿ.

ಈಗ ಮಾತಿನ ವಿಷಯ. ನಿಮ್ಮ ಮಗಳು ಅಜ್ಜಿ ಚಪ್ಪಲಿ ಬೇರೆ, ನಿಮ್ಮ ಚಪ್ಪಲಿ ಬೇರೆ ಅಂತ ಗುರುತಿಸಿ ತರುತ್ತಾಳೆ ಅಂದಿರಲ್ಲ, ನನಗೆ ಅದನ್ನು ಓದಿ ತುಂಬಾ ಸಂತೋಷವಾಯಿತು. ಈ ಮಕ್ಕಳಿಗೆ ಅರ್ಥವಾಗುವುದು ಮುಂದಿರುತ್ತದೆ, ಬಾಯಲ್ಲಿ ಬರುವುದು ಹಿಂದಿರುತ್ತದೆ. ನಾಲಿಗೆ, ತುಟಿ, ಕೆನ್ನೆಯ ಸ್ನಾಯು ಸಡಿಲ ಇರುವುದು ಒಂದು ಕಾರಣ. ಹೇಳಬೇಕು ಅನ್ನಿಸಿದ್ದು ಬಾಯಿಗೆ ಬರದಿದ್ದಾಗ ಅಳು, ಕೈ ಎಳೆಯುವುದು, ವಸ್ತು ಎಸೆಯುವುದು ಶುರುವಾಗುತ್ತದೆ.

ಅದಕ್ಕೆ ಕೈಸನ್ನೆ ಕಲಿಸಿ. ನೀರಿಗೆ ಹೆಬ್ಬೆರಳು ಬಾಯಿಗೆ, ಊಟಕ್ಕೆ ಐದು ಬೆರಳು ಸೇರಿಸಿ ಬಾಯಿಗೆ, ಸಾಕು ಅನ್ನೋದಕ್ಕೆ ಕೈ ಆಡಿಸುವುದು. ಸನ್ನೆ ಮಾಡುವಾಗ ಬಾಯಲ್ಲೂ ಹೇಳಿ. ‘ಸನ್ನೆ ಕಲಿತರೆ ಮಾತು ಬರಲ್ಲ’ ಅಂತ ಊರಲ್ಲಿ ಹೇಳುತ್ತಾರೆ, ಅದು ಸುಳ್ಳು. ಸನ್ನೆ ಇರುವ ಮಕ್ಕಳಿಗೆ ಮಾತಿಗೂ ದಾರಿ ಸಿಗುತ್ತೆ, ಮಾತು ಬರುತ್ತಾ ಬರುತ್ತಾ ಸನ್ನೆ ತಾನಾಗಿ ಕಡಿಮೆಯಾಗುತ್ತೆ.

ಒಂದು ಕೆಲಸ ಇವತ್ತೇ ಶುರು ಮಾಡಬಹುದು. ಲೋಟದಲ್ಲಿ ಪೂರ್ತಿ ನೀರು ಕೊಡಬೇಡಿ, ಎರಡು ಗುಟುಕು ಹಾಕಿ ಕೊಡಿ. ಕುಡಿದ ಮೇಲೆ ಅವಳು ಲೋಟ ಮುಂದಕ್ಕೆ ಚಾಚುತ್ತಾಳೆ. ತಕ್ಷಣ ಹಾಕಬೇಡಿ. ಚೊಂಬು ಕೈಯಲ್ಲಿ ಹಿಡಿದು ಅವಳ ಮುಖ ನೋಡುತ್ತಾ ಕಾಯಿರಿ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಈ ಮಕ್ಕಳಿಗೆ ಉತ್ತರ ಹೊರಡಲು ಹೊತ್ತು ಹಿಡಿಯುತ್ತದೆ. ನಾವು ದೊಡ್ಡವರು ಮೂರು ಎಣಿಸುವಷ್ಟರಲ್ಲಿ ನಾವೇ ಮಾತಾಡಿಬಿಡುತ್ತೇವೆ. ಅವಳು ಬೆರಳು ಎತ್ತಿದರೆ, ‘ನೀ’ ಅಂದರೆ, ನಿಮ್ಮ ಕಣ್ಣು ನೋಡಿದರೂ ಸಾಕು, ‘ನೀಳ್ಳು! ನೀಳ್ಳು ಕಾವಾಲಾ?’ (ನೀರು ಬೇಕಾ?) ಅಂತ ಖುಷಿಯಿಂದ ಹೇಳಿ ಹಾಕಿ. ಏನೂ ಬರದಿದ್ದರೆ ಅವಳ ಕೈ ಹಿಡಿದು ಸನ್ನೆ ಮಾಡಿಸಿ ಹಾಕಿ. ಬಾಯಾರಿದ ಮಗುವನ್ನು ಅಳಿಸುವ ಹಾಗೆ ಮಾತ್ರ ಮಾಡಬೇಡಿ.

ಹೌದು, ತೆಲುಗಿನಲ್ಲೇ ಹೇಳಿ. ನಮ್ಮ ಶಿಡ್ಲಘಟ್ಟ, ಚಿಂತಾಮಣಿ, ಬಾಗೇಪಲ್ಲಿ ಕಡೆ ಅರ್ಧ ಮನೆಗಳಲ್ಲಿ ಇದೇ ಪ್ರಶ್ನೆ. ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ. ಡೌನ್ ಸಿಂಡ್ರೋಮ್ ಇರುವ ಮಕ್ಕಳೂ ಎರಡು ಭಾಷೆ ಕಲಿಯುತ್ತಾರೆ, ಅವರ ಶಕ್ತಿಗೆ ತಕ್ಕಂತೆ. ಅಜ್ಜಿಯ ಬಾಯಿ ಮುಚ್ಚಿಸಿದರೆ ದಿನಕ್ಕೆ ಎಷ್ಟು ಮಾತು ಕಳೆದುಕೊಳ್ಳುತ್ತಾಳೆ ಯೋಚಿಸಿ. ಮನೆಯಲ್ಲಿ ತೆಲುಗು, ಅಂಗನವಾಡಿಯಲ್ಲಿ ಕನ್ನಡ. ಇಬ್ಬರೂ ಚಿಕ್ಕ ಚಿಕ್ಕ ವಾಕ್ಯದಲ್ಲಿ, ನಿಧಾನವಾಗಿ ಹೇಳಿದರೆ ಸಾಕು.

ಊಟದ ಬಗ್ಗೆ ನೀವು ಬರೆದಿಲ್ಲ, ಆದರೆ ಇನ್ನೂ ರಾಗಿ ಸರಿ, ಮಿದ್ದ ಅನ್ನ, ಹಾಲಿನ ಬಾಟಲಿ ನಡೆಯುತ್ತಿದೆ ಅಂತ ನನ್ನ ಊಹೆ. ಎಷ್ಟೋ ಮನೆಗಳಲ್ಲಿ ಹಾಗೇ. ಬಾಟಲಿ ಬಿಡಿಸಿ. ಮಜ್ಜಿಗೆಯನ್ನೋ ತೆಳ್ಳಗಿನ ಅಂಬಲಿಯನ್ನೋ ಸ್ಟ್ರಾ ಹಾಕಿ ಕುಡಿಸಿ, ತುಟಿ ಮುಚ್ಚುವ ಅಭ್ಯಾಸವಾಗುತ್ತದೆ. ಮುದ್ದೆಯನ್ನು ಅಗಿಯದೇ ನುಂಗುತ್ತೇವೆ, ಹಾಗಾಗಿ ಅದರಿಂದ ಅಗಿಯಲು ಬರಲ್ಲ. ಚಪಾತಿಯ ಸಣ್ಣ ಪಟ್ಟಿ, ಮೆತ್ತಗೆ ಬೇಯಿಸಿದ ಕ್ಯಾರೆಟ್ ತುಂಡು ತೆಗೆದುಕೊಂಡು ಬಾಯಿಯ ಪಕ್ಕಕ್ಕೆ, ದವಡೆ ಹಲ್ಲಿನ ಮೇಲೆ ಇಡಿ. ನಾಲಿಗೆ ಪಕ್ಕಕ್ಕೆ ಹೊರಳಲೇಬೇಕಾಗುತ್ತದೆ. ಕಡಲೆಕಾಯಿ ಬೀಜ ಬೇಡ. ನಮ್ಮ ಕಡೆ ದ್ರಾಕ್ಷಿ ಕೈಗೆ ಸಿಗುತ್ತಲೇ ಇರುತ್ತೆ, ಇಡೀ ದ್ರಾಕ್ಷಿ ಕೊಡಲೇಬೇಡಿ. ಉದ್ದಕ್ಕೆ ನಾಲ್ಕು ಸೀಳಿ ಕೊಡಿ. ಕೂರಿಸುವಾಗ ಪಾದ ನೆಲಕ್ಕೆ ತಾಗಿರಲಿ, ತಾಗದಿದ್ದರೆ ಕೆಳಗೆ ಒಂದು ಹಲಗೆ ಇಡಿ. ಕಾಲು ಗಾಳಿಯಲ್ಲಿ ತೂಗುತ್ತಿದ್ದರೆ ಮೈ ಹಿಡಿತ ತಪ್ಪುತ್ತದೆ, ಕೈಯೂ ಬಾಯಿಯೂ ಕೆಲಸ ಮಾಡಲ್ಲ.

ಚಡ್ಡಿ ಹಾಕಿಕೊಳ್ಳಲು ಕಲಿಸುವಾಗ ಕೊನೆಯಿಂದ ಶುರು ಮಾಡಿ. ಎರಡು ಕಾಲೂ ನೀವೇ ಹಾಕಿ, ಮಂಡಿ ದಾಟಿಸಿ, ಸೊಂಟದ ಹತ್ತಿರ ತಂದು ನಿಲ್ಲಿಸಿ. ಕೊನೆಯ ಒಂದು ಎಳೆತ ಮಾತ್ರ ಅವಳದು. ಕೆಲಸ ಮುಗಿಸಿದ್ದು ಅವಳು, ಶಭಾಷ್ ಅವಳಿಗೆ. ಅದು ಬಂದ ಮೇಲೆ ತೊಡೆಯ ಹತ್ತಿರ ನಿಲ್ಲಿಸಿ, ಆಮೇಲೆ ಮಂಡಿಯ ಹತ್ತಿರ. ಮೊದಲಿನಿಂದ ಕಲಿಸಿದರೆ ಅರ್ಧದಲ್ಲಿ ಸೋತು ಕೈಬಿಡುತ್ತಾಳೆ.

ನಿಮ್ಮ ಮನೆಯಲ್ಲಿ ಇನ್ನೊಂದು ಒಳ್ಳೆಯ ಪಾಠ ಇದೆ. ಚಂದ್ರಿಕೆಯಿಂದ (ಹುಳು ಗೂಡು ಕಟ್ಟುವ ತಟ್ಟೆ) ರೇಷ್ಮೆ ಗೂಡು ಬಿಡಿಸುವ ದಿನ ಅವಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಹೆಬ್ಬೆರಳು, ತೋರುಬೆರಳು ಸೇರಿಸಿ ಗೂಡು ಕೀಳುವುದು, ಬುಟ್ಟಿಗೆ ಹಾಕುವುದು, ‘ಒಕಟಿ, ರೆಂಡು’ ಅಂತ ಎಣಿಸುವುದು. ಪೆನ್ಸಿಲ್ ಹಿಡಿಯುವ ಬೆರಳು ತಯಾರಾಗುವುದು ಹೀಗೆ. ಥೆರಪಿ ಸೆಂಟರಿನಲ್ಲಿ ಇದಕ್ಕೆ ಪ್ಲಾಸ್ಟಿಕ್ ಮಣಿ ಇಟ್ಟಿರುತ್ತಾರೆ. ಆದರೆ ಬ್ಲೀಚಿಂಗ್ ಪೌಡರ್, ಫಾರ್ಮಲಿನ್ ಹೊಡೆಯುವ ದಿನ, ಸುಣ್ಣ ಉದುರಿಸುವಾಗ ಹುಳು ಮನೆ ಹತ್ತಿರ ಬಿಡಬೇಡಿ. ಇವರಿಗೆ ಎದೆ ಕಟ್ಟುವುದು, ಕೆಮ್ಮು ಬೇಗ. ಮತ್ತೆ ಹುಳು ನಾಲ್ಕನೇ ಜ್ವರ (ಕೊನೆಯ ಸಲ ಪೊರೆ ಬಿಡುವ ಹಂತ) ಎದ್ದ ವಾರ ನಿಮ್ಮಿಬ್ಬರಿಗೂ ನಿದ್ದೆ ಇರಲ್ಲ ಅಂತ ನನಗೆ ಗೊತ್ತು. ಆ ವಾರ ಹೊಸದೇನೂ ಕಲಿಸಲು ಹೋಗಬೇಡಿ. ಬಂದಿರುವುದನ್ನು ಅಜ್ಜಿ ನಡೆಸಿಕೊಂಡು ಹೋಗಲಿ.

ಅಂಗನವಾಡಿ ವಿಷಯ ಬಿಡಬೇಡಿ. ‘ದೊಡ್ಡವಳಾಗಲಿ’ ಅನ್ನುವುದು ನನಗೆ ಬಹಳ ನೋವು ಕೊಡುವ ಮಾತು. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯಲ್ಲಿ ಉಚಿತ ಶಿಕ್ಷಣದ ಹಕ್ಕು ಇರುವುದು 6ರಿಂದ 18 ವರ್ಷದವರೆಗೆ. ಆದರೆ ಮಗುವಿನ ಮೆದುಳು ಆರು ವರ್ಷದವರೆಗೆ ಕಾಯುವುದಿಲ್ಲ. ಕಲಿಯುವ ಚುರುಕು ಜಾಸ್ತಿ ಇರುವುದೇ ಈ ವಯಸ್ಸಿನಲ್ಲಿ. ಮೂರರಿಂದ ಆರು ವರ್ಷಕ್ಕೆ ಹಳ್ಳಿಯಲ್ಲಿ ಹೆಚ್ಚಾಗಿ ಇರುವುದು ಅಂಗನವಾಡಿಯೇ. 2023ರ ನವೆಂಬರ್‌ನಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ವಿಕಲಚೇತನ ಮಕ್ಕಳಿಗಾಗಿಯೇ ಅಂಗನವಾಡಿಗಳಿಗೆ ಕ್ರಮಸೂಚಿ ಹೊರಡಿಸಿದೆ. ಇಂಥ ಮಕ್ಕಳನ್ನು ಗುರುತಿಸಿ, ಬೇರೆ ಮಕ್ಕಳ ಜೊತೆಯಲ್ಲೇ ಸೇರಿಸಿಕೊಂಡು, ಬೇಕಾದ ಕಡೆ ಕಳಿಸಿಕೊಡಬೇಕು ಅಂತಲೇ ಅದರಲ್ಲಿರುವುದು. ಇನ್ನೊಂದು ಮುಖ್ಯ ಕಾರಣ ಇದೆ. 2013ರಿಂದ ನಡೆಯುತ್ತಿರುವ, ಮಕ್ಕಳ ಆರೋಗ್ಯ ತಪಾಸಣೆಯ ಆರ್‌ಬಿಎಸ್‌ಕೆ ಯೋಜನೆಯ ಡಾಕ್ಟರ್ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ನಿಮ್ಮ ಮಗಳು ಅಲ್ಲಿ ಇಲ್ಲದಿದ್ದರೆ ಅವರ ಪುಸ್ತಕದಲ್ಲೂ ಇರುವುದಿಲ್ಲ. ಮೊದಲು ಜಗಳ ಬೇಡ, ಟೀಚರ್ ಹತ್ತಿರ ಕೂತು ಮಾತಾಡಿ. ಆಗದಿದ್ದರೆ ಮೇಲ್ವಿಚಾರಕಿ, ಅಲ್ಲೂ ಆಗದಿದ್ದರೆ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಬರವಣಿಗೆಯಲ್ಲಿ ಕೊಡಿ.

ಕಲಿಸಿಕೊಡುವವರು ಎಲ್ಲಿ ಅಂತ ಕೇಳಿದ್ದೀರಿ. ಆರ್‌ಬಿಎಸ್‌ಕೆ ಅಡಿಯಲ್ಲಿ ಜಿಲ್ಲಾ ಆಸ್ಪತ್ರೆ ಮಟ್ಟದಲ್ಲಿ ಡಿಇಐಸಿ ಅನ್ನೋ ಕೇಂದ್ರ ಇರುತ್ತದೆ, ಬೆಳವಣಿಗೆ ತಡವಾದ ಚಿಕ್ಕ ಮಕ್ಕಳಿಗೆ ಅಂತಲೇ ಇರುವುದು. ಡೌನ್ ಸಿಂಡ್ರೋಮ್ ಆ ಯೋಜನೆಯ ಪಟ್ಟಿಯಲ್ಲೇ ಇದೆ, ಹಾಗಾಗಿ ಚಿಕ್ಕಬಳ್ಳಾಪುರದಲ್ಲಿ ಕೇಳಿ. ಶಿಡ್ಲಘಟ್ಟದ ಬಿಆರ್‌ಸಿ (ಶಿಕ್ಷಣ ಇಲಾಖೆಯ ತಾಲ್ಲೂಕು ಸಂಪನ್ಮೂಲ ಕೇಂದ್ರ) ಕಚೇರಿಯಲ್ಲಿ ಬಿಐಇಆರ್‌ಟಿ ಶಿಕ್ಷಕರನ್ನು, ಅಂದರೆ ವಿಶೇಷ ಮಕ್ಕಳಿಗಾಗಿ ಇರುವ ಶಿಕ್ಷಕರನ್ನು, ವಿಚಾರಿಸಿ. 2018ರಿಂದ ಸಮಗ್ರ ಶಿಕ್ಷಣ ಯೋಜನೆ ಶಾಲೆಗೆ ಮುಂಚಿನ ಹಂತವನ್ನೂ ಸೇರಿಸಿಕೊಂಡಿದೆ, ಈಗಲೇ ಪರಿಚಯ ಮಾಡಿಕೊಂಡರೆ ಒಂದನೇ ತರಗತಿಗೆ ದಾರಿ ಸುಲಭ. ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು (ವಿಕಲಚೇತನರಿಗಾಗಿ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಇರುತ್ತಾರೆ, ಅವರಿಗೂ ತಿಳಿಸಿ. ಖಾಸಗಿಯಾಗಿ ಯಾರ ಹತ್ತಿರ ಹೋದರೂ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಸಂಖ್ಯೆ ಕೇಳಿ, ನಾಚಿಕೆ ಬೇಡ. ಬುದ್ಧಿ ಬೆಳೆಸುವ ಟಾನಿಕ್, ಸ್ಟೆಮ್ ಸೆಲ್ ಇಂಜೆಕ್ಷನ್ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. 21ನೇ ಕ್ರೋಮೋಸೋಮ್ ಒಂದು ಹೆಚ್ಚಾಗಿರುವುದನ್ನು ಯಾವ ಔಷಧಿಯೂ ತೆಗೆಯಲ್ಲ.

ಅಂಗನವಾಡಿ_ಗೌರಿಬಿದನೂರು

ಟೀಚರಮ್ಮ ಹೇಳಿದ್ದೆಲ್ಲ ಸರಿ. ನಮ್ಮ ಕಡೆಯದೂ ಒಂದು ಮಾತು. ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ, ಅಡುಗೆ, ತೂಕ, ಮೊಬೈಲ್‌ನಲ್ಲಿ ಎಂಟ್ರಿ ಎಲ್ಲ ನಾವೇ. ಭಯ ಇರುತ್ತೆ. ನನ್ನ ಕೇಂದ್ರದಲ್ಲೂ ಇಂಥ ಒಬ್ಬ ಹುಡುಗ ಇದ್ದಾನೆ. ಮೊದಲು ಕೆಲವು ದಿನ ಅಜ್ಜಿ ಜೊತೆಗೆ ಬಂದು ಬಾಗಿಲ ಹತ್ತಿರ ಕೂರುತ್ತಿದ್ದರು. ಒಂದು ಗಂಟೆ ಇದ್ದು ಹೋಗುತ್ತಿದ್ದರು. ಆಮೇಲೆ ಊಟದವರೆಗೆ. ಅವನು ಶೌಚಕ್ಕೆ ಹೇಗೆ ಹೇಳುತ್ತಾನೆ, ಏನು ತಿಂದರೆ ಗಂಟಲಿಗೆ ಸಿಕ್ಕುತ್ತೆ, ಅತ್ತರೆ ಏನು ಮಾಡಬೇಕು ಅಂತ ಅವರ ಅಮ್ಮ ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದರು. ನನ್ನ ಅರ್ಧ ಭಯ ಅದರಿಂದಲೇ ಹೋಯಿತು. ಈಗ ಚಾಪೆ ಹಾಸುವುದು ಅವನ ಕೆಲಸ. ಬೇರೆ ಮಕ್ಕಳು ಹಾಸಲು ಹೋದರೆ ಬಿಡಲ್ಲ.

ಮುಳಬಾಗಿಲು_ಅಮ್ಮ

ಅಣ್ಣಾ, ನನ್ನ ಮಗನಿಗೂ ಡೌನ್ ಸಿಂಡ್ರೋಮ್. ಈಗ ಎಂಟು ವರ್ಷ, ನಮ್ಮೂರ ಸರ್ಕಾರಿ ಶಾಲೆಯಲ್ಲಿ ಎರಡನೇ ತರಗತಿ. ನಾವು ಊರು ಬಿಡಲಿಲ್ಲ. ಕೋಲಾರಕ್ಕೆ, ಬೆಂಗಳೂರಿಗೆ ಆಸ್ಪತ್ರೆಗೆ ಹೋಗಿ ಬರುತ್ತೇವೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ನನಗೆ ಬಸ್ಸಿಗೆ ದುಡ್ಡು ಬೇಕಿಲ್ಲ, ಅದು ದೊಡ್ಡ ಅನುಕೂಲ. ಮೊದಲು ಗಂಡನ ಹತ್ತಿರ ದುಡ್ಡು ಕೇಳುವುದಕ್ಕೇ ಸಂಕೋಚ ಆಗಿ ಎಷ್ಟೋ ಸಲ ಮುಂದಕ್ಕೆ ಹಾಕುತ್ತಿದ್ದೆವು.

ಒಂದು ಖಾಸಗಿ ಶಾಲೆಯಲ್ಲಿ ‘ಬೇರೆ ಮಕ್ಕಳ ಪೋಷಕರು ಒಪ್ಪಲ್ಲ’ ಅಂದರು. ಅವತ್ತು ಆದ ಸಂಕಟ ನನಗೇ ಗೊತ್ತು. ಅದೇ ವರ್ಷ ಸರ್ಕಾರಿ ಶಾಲೆ ಮೇಡಂ ಏನೂ ಕೇಳದೆ ಹೆಸರು ಬರೆದುಕೊಂಡರು.

ನಮ್ಮ ಮಗನಿಗೆ ಕೇಳಿ ಕಲಿಯುವುದಕ್ಕಿಂತ ನೋಡಿ ಕಲಿಯುವುದು ಬೇಗ. ಮನೆಯವರೆಲ್ಲರ ಫೋಟೋ, ಹಸು, ಬಸ್ಸು, ಲೋಟದ ಚಿತ್ರ ರಟ್ಟಿಗೆ ಅಂಟಿಸಿ ಕೆಳಗೆ ದಪ್ಪ ಅಕ್ಷರದಲ್ಲಿ ಹೆಸರು ಬರೆದಿದ್ದೆ. ‘ಬಸ್ಸು’ ಅಂತ ಬಾಯಲ್ಲಿ ಹೇಳುವುದಕ್ಕೆ ಮುಂಚೆಯೇ ಆ ರಟ್ಟನ್ನು ಹುಡುಕಿ ತೆಗೆದುಕೊಡುತ್ತಿದ್ದ. ಈಗ ಊರಿನ ಬಸ್ ಬೋರ್ಡ್ ಓದುತ್ತಾನೆ.

ಯುಡಿಐಡಿ ಅನ್ನೋ ವಿಕಲಚೇತನರ ಗುರುತಿನ ಕಾರ್ಡ್ ಆದ ಮೇಲೆ ನಿರಾಮಯ ಇನ್ಶೂರೆನ್ಸ್‌ಗೂ ಅರ್ಜಿ ಹಾಕಿ. ನ್ಯಾಷನಲ್ ಟ್ರಸ್ಟ್‌ನದು, ವರ್ಷಕ್ಕೆ 1 ಲಕ್ಷದವರೆಗೆ. ಥೆರಪಿ ಖರ್ಚೂ ಸೇರುತ್ತೆ. ಬಿಲ್ ಎಲ್ಲ ಎತ್ತಿಡಬೇಕು. ನಿಮ್ಮ ಮನೆಯವರಿಗೆ ಹೇಳಿ, ಊಟ ಬಿಡಬಾರದು.

ಹುಳುಮನೆ_ಶಿಡ್ಲಘಟ್ಟ

ಎಲ್ಲರಿಗೂ ಕೈ ಮುಗಿಯುತ್ತೇನೆ. ಮನೆಯವಳಿಗೆ ಓದಿ ಹೇಳಿದೆ, ಎರಡು ಸಲ ಓದಿಸಿಕೊಂಡಳು. ಬಾಟಲಿ ವಿಷಯ ನೀವು ನೋಡಿದ ಹಾಗೇ ಹೇಳಿದ್ದೀರಿ ಮೇಡಂ. ಇವತ್ತು ಲೋಟದಲ್ಲಿ ಎರಡು ಗುಟುಕು ಹಾಕಿ ಕಾದೆವು. ನನ್ನ ಕೈ ಹಿಡಿದು ಚೊಂಬಿನ ಹತ್ತಿರ ಎಳೆದಳು. ಹೆಬ್ಬೆರಳು ಇನ್ನೂ ಬಂದಿಲ್ಲ.

ಮೂರು ಪ್ರಶ್ನೆ. ವಿಕಲಚೇತನ ಸರ್ಟಿಫಿಕೇಟ್ ಆಗುವವರೆಗೆ ಡಿಇಐಸಿಯಲ್ಲಿ ನೋಡಲ್ಲವಾ? ಮೈ ತುಂಬಾ ಮೆತ್ತಗಿದೆ, ಅಣ್ಣನ ಮಕ್ಕಳು ಅವಳನ್ನು ಲಾಗ ಹಾಕಿಸಿ ಆಡುತ್ತಾರೆ, ಅವಳಿಗೂ ಖುಷಿ, ಅದು ಪರವಾಗಿಲ್ಲವಾ? ಮತ್ತೆ ಮನೆಯವಳು ಕೇಳುತ್ತಿದ್ದಾಳೆ, ಮಾತು ಯಾವಾಗ ಬರುತ್ತೆ ಅಂತ.

ಟೀಚರಮ್ಮ_ಚಿಂತಾಮಣಿ

ಅಣ್ಣಾ, ಕೈ ಹಿಡಿದು ಎಳೆದಳು ಅಂದರೆ ಅದೇ ಕೇಳಿದ ಹಾಗೆ. ಆ ಕೈಯನ್ನೇ ಮೆಲ್ಲಗೆ ಹಿಡಿದು ಹೆಬ್ಬೆರಳು ಬಾಯಿಗೆ ಮುಟ್ಟಿಸಿ, ಆಮೇಲೆ ನೀರು ಹಾಕಿ. ಮನೆಯಲ್ಲಿ ಎಲ್ಲರೂ ಒಂದೇ ಥರ ಮಾಡಬೇಕು, ಅಜ್ಜಿಯೂ.

ಲಾಗ ಇವತ್ತಿಂದಲೇ ನಿಲ್ಲಿಸಿ. ಈ ಮಕ್ಕಳಲ್ಲಿ ಕೆಲವರಿಗೆ ಕುತ್ತಿಗೆಯ ಮೇಲಿನ ಎರಡು ಮೂಳೆಗಳ ನಡುವೆ ಹಿಡಿತ ಸಡಿಲ ಇರುತ್ತದೆ. ತಲೆ ಕೆಳಗೆ ಮಾಡುವುದು, ಕುತ್ತಿಗೆ ಮೇಲೆ ಭಾರ ಬೀಳುವ ಆಟ ಬೇಡ. ಚೆಂಡು, ಮೆಟ್ಟಿಲು ಹತ್ತುವುದು, ಮರಳು ಎಲ್ಲ ಆಡಲಿ. ನಡಿಗೆ ಇದ್ದಕ್ಕಿದ್ದಂತೆ ಕೆಟ್ಟರೆ, ಕುತ್ತಿಗೆ ಒಂದು ಕಡೆ ವಾಲಿದರೆ, ಕೈಕಾಲಿನ ಶಕ್ತಿ ಕಡಿಮೆ ಅನ್ನಿಸಿದರೆ ಅದೇ ದಿನ ಡಾಕ್ಟರ್ ಹತ್ತಿರ ಹೋಗಿ. ಅಣ್ಣನ ಮಕ್ಕಳನ್ನು ಗದರಬೇಡಿ. ಅವಳಿಗೆ ಆ ಮಕ್ಕಳ ಜೊತೆ ಬೇಕೇ ಬೇಕು, ಆಟ ಬದಲಾಯಿಸಿಕೊಡಿ ಅಷ್ಟೇ.

ಡಿಇಐಸಿಗೆ ಸರ್ಟಿಫಿಕೇಟ್ ಬೇಕಿಲ್ಲ. ತಡವಾಗಿದೆ ಅನ್ನೋ ಅನುಮಾನ ಇರುವ ಮಗುವನ್ನೂ ಅಲ್ಲಿ ನೋಡಬೇಕು. ಸರ್ಟಿಫಿಕೇಟ್‌ಗೆ ಬೇರೆಯಾಗಿ ಅರ್ಜಿ ಹಾಕಿ, ಅದು ಅದರ ಪಾಡಿಗೆ ನಡೆಯಲಿ. ಐದು ವರ್ಷದೊಳಗಿನ ಮಕ್ಕಳಿಗೆ ಸಾಮಾನ್ಯವಾಗಿ ತಾತ್ಕಾಲಿಕವಾಗಿ ಕೊಡುತ್ತಾರೆ, ಆಮೇಲೆ ಮತ್ತೆ ಪರೀಕ್ಷೆ ಮಾಡುತ್ತಾರೆ.

ಮಾತು ಯಾವಾಗ ಅನ್ನುವುದಕ್ಕೆ ತಿಂಗಳು, ವರ್ಷ ಹೇಳಿದರೆ ಅದು ಅಕ್ಕನಿಗೆ ಮಾಡುವ ಮೋಸ. ಬಹಳಷ್ಟು ಮಕ್ಕಳು ಮಾತಾಡುತ್ತಾರೆ. ಕೆಲವರದು ಸ್ಪಷ್ಟ, ಕೆಲವರದು ಮನೆಯವರಿಗೆ ಮಾತ್ರ ತಿಳಿಯುವಂಥದ್ದು. ಕಿವಿ ಸರಿಯಿದ್ದು, ದಿನಾ ಮಾತಾಡಿಸುವವರಿದ್ದು, ಕಾಯುವವರಿದ್ದರೆ ಮುಂದಕ್ಕೆ ಹೋಗೇ ಹೋಗುತ್ತಾಳೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲಿದೆ. ಮೊದಲ ಸಲ ಹೋಗಿ ತೋರಿಸಿದರೆ ಆಮೇಲೆ ವಿಡಿಯೋ ಕಾಲ್ ಮೂಲಕ ಥೆರಪಿ ಸಿಗುತ್ತದಾ ಅಂತ ಅಲ್ಲೇ ಕೇಳಿ, ಆ ವ್ಯವಸ್ಥೆ ಅವರಲ್ಲಿದೆ.

ಚಿಕ್ಕಬಳ್ಳಾಪುರಕ್ಕೆ ಹೋಗುವಾಗ ತಾಯಿ ಕಾರ್ಡ್, ಕ್ರೋಮೋಸೋಮ್ ರಿಪೋರ್ಟ್, ಆಪರೇಷನ್‌ನ ಡಿಸ್ಚಾರ್ಜ್ ಕಾಗದ, ಆಧಾರ್ ತೆಗೆದುಕೊಂಡು ಹೋಗಿ. ಅವಳು ಊಟ ಮಾಡುವುದು, ಚಪ್ಪಲಿ ತರುವುದು, ಮೆಟ್ಟಿಲು ಹತ್ತುವುದು ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಂಡಿರಿ. ಆಸ್ಪತ್ರೆಯಲ್ಲಿ ಬಿಳಿ ಕೋಟು ನೋಡಿದರೆ ಮಕ್ಕಳು ಅಮ್ಮನ ಸೆರಗು ಬಿಡಲ್ಲ, ಬರುವುದನ್ನೂ ಮಾಡಿ ತೋರಿಸಲ್ಲ. ಸಾಧ್ಯವಾದರೆ ಅಜ್ಜಿಯನ್ನೂ ಕರೆದುಕೊಂಡು ಹೋಗಿ. ತೋರಿಸಿಕೊಡುವುದನ್ನು ಅವರೂ ನೋಡಲಿ, ಹುಳು ಹಣ್ಣಾಗಿ ಗೂಡು ಕಟ್ಟುವ ದಿನಗಳಲ್ಲಿ ಮಗುವನ್ನು ನೋಡಿಕೊಳ್ಳುವವರು ಅವರೇ ಅಲ್ವಾ. ಹೋಗಿ ಬಂದ ಮೇಲೆ ಕಿವಿ ಪರೀಕ್ಷೆಯಲ್ಲಿ ಏನು ಬಂತು ಅಂತ ಇಲ್ಲೇ ಬರೆಯಿರಿ.